ನೂರು ರೂಪಾಯಿ ಭಾನುವಾರ

1/8

ಇನ್‌ಬಾಕ್ಸಿಗೆ ಎರಡು ತರದ ಮೆಸೇಜ್ ಬರತ್ತೆ. ಒಂದು ಬೆಂಗಳೂರಿಂದ: "ಹಾಯ್, ಈ ವೀಕೆಂಡ್ ಚಿಕ್ಕಮಗಳೂರಿಗೆ ಬರ್ತಿದ್ದೀವಿ, ಆರು ಜನ, ಒಳ್ಳೆ ಹೋಂಸ್ಟೇ ಹೇಳಿ, ಪೂಲ್ ಇರಬೇಕು." ಇದಕ್ಕೆ ಉತ್ತರ ಕೊಡೋಕೆ ನೂರಾರು ಪೇಜ್‌ಗಳಿವೆ, ನನ್ನ ಬಿಟ್ಟುಬಿಡಿ. ಇನ್ನೊಂದು ಇಲ್ಲಿಂದಲೇ: "ಅಕ್ಕಾ, ಫಸ್ಟ್ ಇಯರ್, ಹಾಸ್ಟೆಲ್‌ನಲ್ಲಿದ್ದೀನಿ. ಭಾನುವಾರ ರೂಮಲ್ಲಿ ಕೂತು ಕೂತು ಸಾಕಾಗಿದೆ. ಎಲ್ಲಾದ್ರೂ ಹೋಗೋಣ ಅಂದ್ರೆ ದುಡ್ಡಿಲ್ಲ. ಇಲ್ಲಿ ಇರೋದೆಲ್ಲ ಟೂರಿಸ್ಟ್‌ಗಳಿಗೇ ಅಲ್ವಾ?"

ಆ ಕೊನೇ ಸಾಲು ಓದಿ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸ್ತು. ಸಿಟ್ಟು ಅವಳ ಮೇಲಲ್ಲ. ಕಾಫಿ ತೋಟದ ಮಧ್ಯೆಯೇ ಹುಟ್ಟಿ ಬೆಳೆದ ಹುಡುಗಿಗೆ ತನ್ನೂರಲ್ಲೇ ತಾನು ನೆಂಟಳು ಅನ್ನಿಸೋ ಹಾಗೆ ಆಗಿದೆಯಲ್ಲ, ಅದರ ಮೇಲೆ.

ನಾನೂ ಅದೇ ಪೈಕಿ. ಕಳಸದ ಕಡೆ ಒಂದು ತೋಟದ ಲೈನ್ ಮನೆ ನಮ್ಮದು. ಅಮ್ಮ ಕಾಫಿ ಕುಯ್ಲಿಗೆ ಹೋಗ್ತಾಳೆ. ಈಗ ಡಿಗ್ರಿ ಕೊನೇ ವರ್ಷ, ಚಿಕ್ಕಮಗಳೂರಲ್ಲಿ ಹಾಸ್ಟೆಲ್. ಹೋದ ವರ್ಷ ನಮ್ಮ ಗುಂಪು ಒಂದು ಕೆಫೆಗೆ ಹೋಗಿತ್ತು, ಹೆಸರು ಬೇಡ. ಐದು ಜನ, ಎರಡು ಕೋಲ್ಡ್ ಕಾಫಿ. ವೇಟರ್ ಮೂರು ಸಲ ಬಂದು "ಇನ್ನೇನಾದ್ರೂ ಬೇಕಾ" ಅಂದ. ನಾಲ್ಕನೇ ಸಲ ಕೇಳದೇ ಬಿಲ್ ತಂದಿಟ್ಟ. ಎದ್ವಿ. ಎದ್ದು ಎಲ್ಲಿಗೆ ಹೋಗೋದು ಅಂತ ಯಾರಿಗೂ ಗೊತ್ತಿರಲಿಲ್ಲ, ಮಳೆ ಬೇರೆ.

ಕ್ಲಾಸಿನವರೇ, ಒಂದು ವಿಷಯ ಗಮನಿಸಿದ್ದೀರಾ? ಟ್ರಿಪ್ ಅಂದಾಗೆಲ್ಲ "ಹೊಟ್ಟೆನೋವು ಕಣೆ", "ಮನೇಲಿ ಫಂಕ್ಷನ್ ಇದೆ" ಅನ್ನೋ ಒಬ್ಬರು ನಮ್ಮ ಗುಂಪಲ್ಲೇ ಇರ್ತಾರೆ. ಅವರಿಗೆ ಹೊಟ್ಟೇಲಿ ಏನೂ ಆಗಿರಲ್ಲ. ಜೇಬಲ್ಲಿ ಏನೂ ಇರಲ್ಲ, ಅಷ್ಟೆ. ಈ ಸರಣಿ ಅವರಿಗೋಸ್ಕರ. ನಿಯಮ ಒಂದೇ: ಬೆಳಿಗ್ಗೆ ಹೊರಟು ಸಂಜೆ ವಾಪಸ್ ಬರೋವರೆಗೆ ತಲೆಗೆ ನೂರು ರೂಪಾಯಿ ದಾಟಬಾರದು. ಊಟ ಸೇರಿ. ಇಲ್ಲಿ ಹೇಳೋ ಜಾಗಕ್ಕೆಲ್ಲ ನಾನು ಹೋಗಿದ್ದೀನಿ, ಕೆಲವಕ್ಕೆ ಮೂರು ನಾಲ್ಕು ಸಲ.

2/8

ಮೊದಲು ಊರೊಳಗೆ. ಈ ಫೋಟೋ ನೋಡಿ "ಬೇಲೂರಾ?" ಅಂತ ಕಾಮೆಂಟ್ ಹಾಕ್ಬೇಡಿ, ಇದು ಹಿರೇಮಗಳೂರು. ಬಸ್‌ಸ್ಟ್ಯಾಂಡಿಂದ ನಡಕೊಂಡೇ ಹೋಗಬಹುದು. ಹಿಂದೆ ಬೇರೆ ಊರು, ಈಗ ಪಟ್ಟಣದ ಒಂದು ಬಡಾವಣೆಯ ಹಾಗಿದೆ. ಕಥೆ ಗೊತ್ತಲ್ಲ: ಸಖರಾಯಪಟ್ಟಣದ ರುಕ್ಮಾಂಗದ ರಾಜ ದೊಡ್ಡ ಮಗಳಿಗೆ ಕೊಟ್ಟಿದ್ದು ಹಿರೇಮಗಳೂರು, ಚಿಕ್ಕ ಮಗಳಿಗೆ ಕೊಟ್ಟಿದ್ದು ಚಿಕ್ಕಮಗಳೂರು. ಆಮೇಲೆ ಚಿಕ್ಕೋಳು ಬೆಳೆದು ಜಿಲ್ಲಾ ಕೇಂದ್ರ ಆದ್ಲು, ದೊಡ್ಡೋಳು ಅವಳ ಪಕ್ಕದಲ್ಲಿ ಸುಮ್ನೆ ಕೂತಿದ್ದಾಳೆ. ನಮ್ಮ ಮನೆಗಳಲ್ಲೂ ಹಾಗೇ ಅಲ್ವಾ.

ಅಲ್ಲಿ ಕೋದಂಡರಾಮನ ದೇವಸ್ಥಾನ. ಸಾಮಾನ್ಯವಾಗಿ ರಾಮನ ಎಡಗಡೆ ಸೀತೆ ಇರ್ತಾಳೆ, ಇಲ್ಲಿ ಬಲಗಡೆ. ಲಕ್ಷ್ಮಣ ಎಡಕ್ಕೆ. ಅದಕ್ಕಿಂತ ನನಗೆ ಇಷ್ಟ ಆಗಿದ್ದು ಪೂಜೆ ಕನ್ನಡದಲ್ಲಿ ನಡೆಯತ್ತೆ ಅನ್ನೋದು. ಹಿರೇಮಗಳೂರು ಕಣ್ಣನ್ ಅವರು ಟಿವಿ ಹರಟೆಗಳಿಂದ ನಿಮಗೆಲ್ಲ ಗೊತ್ತಿರೋರೇ. ಮಂತ್ರ ಕೇಳ್ತಾ ನಿಂತಾಗ ಅರ್ಥ ಆಗ್ತಾ ಹೋಗೋದು ಒಂಥರಾ ವಿಚಿತ್ರ ಅನುಭವ. ನಮ್ಮ ಪರವಾಗಿ ದೇವರ ಹತ್ರ ಏನು ಕೇಳ್ತಿದ್ದಾರೆ ಅಂತ ಗೊತ್ತಾಗಿಬಿಡತ್ತೆ! ಭಕ್ತಿ ಇದ್ರೆ ಭಕ್ತಿಗೆ ಹೋಗಿ, ಇಲ್ಲದಿದ್ರೆ ಕನ್ನಡಕ್ಕೆ ಹೋಗಿ.

ಸಂಜೆಗೆ ರತ್ನಗಿರಿ ಬೋರೆ. ಮಹಾತ್ಮ ಗಾಂಧಿ ಪಾರ್ಕ್ ಇರೋದು ಅಲ್ಲೇ. ಮೇಲೆ ಹೋಗಿ ನಿಂತ್ರೆ ಊರು ಒಂದು ಕಡೆ, ಚಂದ್ರದ್ರೋಣ ಪರ್ವತದ ಸಾಲು ಇನ್ನೊಂದು ಕಡೆ. ಮುಳ್ಳಯ್ಯನಗಿರಿ ಹತ್ತೋಕೆ ಬರೋ ಕಾರುಗಳ ಸಾಲು ಕೆಳಗಿಂದ ನೋಡೋಕೆ ಇರುವೆ ಸಾಲಿನ ಹಾಗೆ. ಕಡ್ಲೆಪುರಿ ಪೊಟ್ಟಣ ಹಿಡಿದು ಅದನ್ನು ನೋಡ್ತಾ ಕೂರೋದೂ ಒಂದು ಮನರಂಜನೆ.

ಊಟದ ವಿಚಾರ. ಇಂದಿರಾ ಕ್ಯಾಂಟೀನಲ್ಲಿ ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ಒಳಗೆ ಹೋಗೋಕೆ ನಾಚಿಕೆ ಪಡೋರನ್ನು ನೋಡಿದ್ದೀನಿ. ಯಾಕೆ ಮಾರಾಯ್ರೆ? ಪಕ್ಕದ ಟೇಬಲ್ಲಲ್ಲಿ ಆಟೋದವರು, ಆಸ್ಪತ್ರೆಗೆ ಬಂದ ಅಜ್ಜಿ, ನೀವು. 1978ರ ಉಪಚುನಾವಣೇಲಿ ಇಂದಿರಾ ಗಾಂಧಿಯನ್ನು ಗೆಲ್ಲಿಸಿ ಕಳಿಸಿದ ಊರು ಇದು, ಆ ಹೆಸರಿನ ಕ್ಯಾಂಟೀನಲ್ಲಿ ತಿನ್ನೋಕೆ ನಮಗಿಂತ ಹಕ್ಕು ಯಾರಿಗಿದೆ ಹೇಳಿ. (ರಾಜಕೀಯ ಬೇಡ, ಉಪ್ಪಿಟ್ಟಿನ ವಿಷಯ ಅಷ್ಟೆ.)

3/8

ಮಳೆಗಾಲದ ಭಾನುವಾರಕ್ಕೆ ಬೇರೆ ಪ್ಲಾನ್ ಬೇಕು. ಜೂನ್ ಬಂತು ಅಂದ್ರೆ ನಮ್ಮೂರಲ್ಲಿ ಕೂರೋ ಕಲ್ಲು, ಕಟ್ಟೆ, ಬೆಂಚು ಎಲ್ಲಾ ಒದ್ದೆ. ಆಗ ನೂರು ರೂಪಾಯಿಗೆ ಸೂರು ಸಿಗಬೇಕು ಅಂದ್ರೆ ಲೈಬ್ರರಿ. ಭಾನುವಾರ ಬಾಗಿಲು ಎಷ್ಟೊತ್ತಿಗೆ ಅಂತ ವಾರದಲ್ಲೇ ಒಮ್ಮೆ ವಿಚಾರಿಸಿಕೊಂಡಿರಿ, ಬೀಗ ನೋಡಿ ವಾಪಸ್ ಬರೋದು ಬೇಡ.

"ಲೈಬ್ರರಿನಾ?" ಅಂತ ಮೂಗು ಮುರೀಬೇಡಿ. ಕೂತು ಓದೋಕೆ ಯಾರೂ ಕಾಸು ಕೇಳಲ್ಲ. ಅಷ್ಟೇ ಅಲ್ಲ, ಅದು ಪುಕ್ಕಟೆಯೂ ಅಲ್ಲ, ದುಡ್ಡು ಆಗಲೇ ಕಟ್ಟಿ ಆಗಿದೆ. 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಅಂತ ಶೇಕಡ 6 ವಸೂಲಿ ಮಾಡ್ತಾರೆ. ರಸೀದಿ ಇದ್ರೆ ತೆಗೆದು ನೋಡಿ. ಆದ್ದರಿಂದ ಒಳಗೆ ಹೋಗುವಾಗ ಬೇರೆಯವರ ಮನೆಗೆ ಹೋಗೋ ಹಾಗೆ ಹೆಜ್ಜೆ ಇಡೋದು ಬೇಡ.

ಹಳ್ಳಿ ಕಡೆಯವರಿಗೆ ಪಂಚಾಯ್ತಿ ಲೈಬ್ರರಿ ಇದೆ, ಈಗ "ಅರಿವು ಕೇಂದ್ರ" ಅಂತ ಬೋರ್ಡ್ ಬದಲಾಗಿದೆ. ನಾನು ಪಿಯುಸಿ ರಜೆಯ ಒಂದು ಇಡೀ ಮಳೆಗಾಲ ಅಂಥ ಒಂದು ಕೋಣೇಲಿ ಕಳೆದೆ. ಕರೆಂಟ್ ಇರ್ತಿರಲಿಲ್ಲ, ಕಿಟಕಿ ಪಕ್ಕದ ಒಂದೇ ಕುರ್ಚಿಗೆ ನಾನೂ ಒಬ್ಬರು ರಿಟೈರ್ಡ್ ಮೇಷ್ಟ್ರೂ ದಿನಾ ಪೈಪೋಟಿ. ಅವರು ಪೇಪರ್ ಮುಗಿಸಿ ಎದ್ದ ಮೇಲೆ ನನ್ನ ಸರದಿ. ತೇಜಸ್ವಿ ಪುಸ್ತಕಗಳನ್ನು ಪೂರ್ತಿ ಓದಿದ್ದು ಆ ಕುರ್ಚೀಲೇ. ಮೊಬೈಲಲ್ಲೇ ಓದ್ತೀನಿ ಅನ್ನೋರಿಗೆ 2020ರಿಂದ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಇದೆ, ಸದಸ್ಯತ್ವ ಉಚಿತ. ನೆಟ್‌ವರ್ಕ್ ಸಿಗೋ ಗುಡ್ಡ ಹುಡುಕೋದು ನಿಮಗೆ ಬಿಟ್ಟಿದ್ದು.

4/8

ಈಗ ಬಸ್ಸು. ಈ ಸರಣಿಯಲ್ಲಿ ಇದೇ ಮುಖ್ಯ ಭಾಗ, ಸ್ಕ್ರಾಲ್ ಮಾಡಿ ಮುಂದೆ ಹೋಗ್ಬೇಡಿ.

ಹುಡುಗಿಯರಿಗೆ: 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸರ್ಕಾರಿ ಸಾಮಾನ್ಯ ಬಸ್ಸಲ್ಲಿ, ಎಕ್ಸ್‌ಪ್ರೆಸ್‌ನಲ್ಲಿ ರಾಜ್ಯದೊಳಗೆ ಎಲ್ಲಿಗಾದ್ರೂ ಸೊನ್ನೆ ಟಿಕೆಟ್. ರಾಜಹಂಸ, ಎಸಿ ಬಸ್‌ಗಳಿಗೆ ಇಲ್ಲ. ಕರ್ನಾಟಕದ ವಿಳಾಸ ಇರೋ ಆಧಾರ್ ಇಟ್ಕೊಳ್ಳಿ. ಇದು ಎಲ್ಲರಿಗೂ ಗೊತ್ತು. ಆದ್ರೆ ಬಯಲುಸೀಮೆಯ ಹುಡುಗಿಗೆ ಶಕ್ತಿ ಅಂದ್ರೆ ಎಷ್ಟು ಬಸ್ಸೋ, ಮಲೆನಾಡಿನ ಹುಡುಗಿಗೆ ಅಷ್ಟಿಲ್ಲ. ಮೂಡಿಗೆರೆ, ಕಳಸ, ಕೊಪ್ಪದ ಒಳರಸ್ತೆಗಳಲ್ಲಿ ಓಡೋದು ಬಹಳ ಕಡೆ ಖಾಸಗಿ ಬಸ್ಸೇ. ಅಲ್ಲಿ ಶಕ್ತಿ ಇಲ್ಲ, ಪೂರ್ತಿ ಟಿಕೆಟ್. ಅಂದ್ರೆ ಚಿಕ್ಕಮಗಳೂರಿಂದ ಬೆಂಗಳೂರಿಗೆ ಸೊನ್ನೆ ರೂಪಾಯಿ, ನಮ್ಮನೆ ಸ್ಟಾಪಿಂದ ಕಳಸ ಪೇಟೆಗೆ ಕೈಯಿಂದ ದುಡ್ಡು! ಅಮ್ಮನಿಗೆ ಇದನ್ನು ವಿವರಿಸೋಕೆ ನನಗೆ ಒಂದು ದಿನ ಹಿಡೀತು.

ನಮ್ಮ ಕಡೆಯ ದೊಡ್ಡವರನ್ನು ಕೇಳಿದ್ರೆ ಸಹಕಾರ ಸಾರಿಗೆ ಬಗ್ಗೆ ಹೇಳ್ತಾರೆ. ಕೊಪ್ಪದಲ್ಲಿ 1991ರಲ್ಲಿ ಬಸ್ ಕಂಪನಿಯ ಕಾರ್ಮಿಕರೇ ಸೇರಿ ಕಟ್ಟಿದ ಸಂಘ. ಡ್ರೈವರ್, ಕಂಡಕ್ಟರ್‌ಗಳೇ ಮಾಲೀಕರು. ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಡ್ತಿದ್ರು, ಬೇರೆ ಬಸ್ ಹೋಗದ ಮೂಲೆಗೂ ಹೋಗ್ತಿದ್ರು. 2020ರಲ್ಲಿ ನಿಂತುಹೋಯ್ತು. ನಾನು ಹೈಸ್ಕೂಲಿಗೆ ಹೋಗಿದ್ದು ಅದರಲ್ಲೇ. ಬಸ್ ನಿಂತ ಮೇಲೆ ಎಷ್ಟು ಜಾಗ ದೂರ ಆಯ್ತು ಅನ್ನೋದು ಕಾರಿದ್ದವರಿಗೆ ಗೊತ್ತಾಗಲ್ಲ. ಗುಡ್ಡ ಅಲ್ಲೇ ಇರತ್ತೆ, ಫಾಲ್ಸ್ ಅಲ್ಲೇ ಇರತ್ತೆ. ನೋಡೋಕೆ ದುಡ್ಡಿಲ್ಲ, ಹೋಗೋಕೆ ಇದೆ.

ಅದಕ್ಕೇ ನನ್ನ ಸಲಹೆ: ಜಾಗ ಆರಿಸಿ ಆಮೇಲೆ ಬಸ್ ಹುಡುಕಬೇಡಿ. ಮೊದಲು ವಾಪಸ್ ಬರೋ ಕೊನೇ ಬಸ್ ಎಷ್ಟೊತ್ತಿಗೆ ಅಂತ ಕಂಡಕ್ಟರ್ ಹತ್ರ ಕೇಳಿ. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ. ಹುಡುಗಿಯರಿಗೆ ಈ ಲೆಕ್ಕ ಬಾಯಿಪಾಠ, ಹುಡುಗರು ಕಲೀಬೇಕು. ಕೊನೇ ಬಸ್‌ಗಿಂತ ಒಂದು ಬಸ್ ಮುಂಚೆ ಹಿಡಿಯೋದು ನನ್ನ ಅಭ್ಯಾಸ, ಯಾಕಂದ್ರೆ ಭಾನುವಾರ ಕೆಲವು ಟ್ರಿಪ್ ಹೇಳದೇ ಕೇಳದೇ ಕ್ಯಾನ್ಸಲ್.

ಹುಡುಗರಿಗೆ ರೈಲು ಹೇಳ್ತೀನಿ. 2013ರ ನವೆಂಬರ್‌ನಲ್ಲಿ ಕಡೂರು-ಚಿಕ್ಕಮಗಳೂರು ಮಾರ್ಗ ಶುರುವಾಯ್ತು. ಪ್ಯಾಸೆಂಜರ್ ಟಿಕೆಟ್ ಬಸ್ಸಿಗಿಂತ ಕಮ್ಮಿ. ಹೋಗೋ ದಾರೀಲಿ ಗುಡ್ಡ ಹಿಂದೆ ಸರೀತಾ ಬಯಲು ತೆರೆದುಕೊಳ್ಳತ್ತೆ, ತೆಂಗಿನ ತೋಟ ಶುರುವಾಗತ್ತೆ. ಇಷ್ಟು ಚಿಕ್ಕ ದೂರದಲ್ಲಿ ಮಲೆನಾಡು ಮುಗಿದು ಬಯಲುಸೀಮೆ ಆಗೋದನ್ನು ಕಿಟಕೀಲಿ ಕೂತು ನೋಡೋದೇ ಒಂದು ಭಾನುವಾರದ ಕೆಲಸ.

ಕಿಟಕಿ ಅಂದ ಮೇಲೆ ಚಾರ್ಮಾಡಿ. ಕೊಟ್ಟಿಗೆಹಾರದಿಂದ ಉಜಿರೆ ಕಡೆ ಇಳಿಯೋ ಸರ್ಕಾರಿ ಬಸ್ ಹತ್ತಿ, ಕಿಟಕಿ ಸೀಟು ಹಿಡೀರಿ. ಆಗಸ್ಟಲ್ಲಿ ರಸ್ತೆ ಪಕ್ಕವೇ ನೀರು ಬೀಳ್ತಿರತ್ತೆ, ಮಂಜು ಬಸ್ಸೊಳಗೇ ಬರತ್ತೆ. ಬೈಕ್ ನಿಲ್ಲಿಸಿ ಜಾರೋ ಬಂಡೆ ಹತ್ತಿ ರೀಲ್ಸ್ ಮಾಡೋದು ಖಂಡಿತ ಬೇಡ, ಅಲ್ಲಿ ಬಿದ್ದವರ ಸುದ್ದಿ ಮಳೆಗಾಲದಲ್ಲಿ ಓದ್ತಾನೇ ಇರ್ತೀವಿ. ಬಸ್ಸಲ್ಲಿ ಕೂತವರಿಗೆ ಘಾಟಿ ಪೂರ್ತಿ ಕಾಣತ್ತೆ, ಡ್ರೈವ್ ಮಾಡೋನಿಗೆ ಬರೀ ತಿರುವು ಕಾಣತ್ತೆ.

5/8

ಕೊಟ್ಟಿಗೆಹಾರಕ್ಕೆ ಹೋದ ಮೇಲೆ ನೀರುದೋಸೆ ತಿನ್ನದೇ ಬಂದ್ರೆ ಪಾಪ ಸುತ್ಕೊಳ್ಳತ್ತೆ. ಬಿಸಿ ಬಿಸಿ ತಿಂದು, ಅಲ್ಲೇ ಇರೋ ಪೂರ್ಣಚಂದ್ರ ತೇಜಸ್ವಿ ಪ್ರತಿಷ್ಠಾನಕ್ಕೆ ಹೋಗಿ. ತೇಜಸ್ವಿ ತೆಗೆದ ಹಕ್ಕಿಗಳ ಫೋಟೋಗಳು, ಅವರ ಪುಸ್ತಕಗಳು, ಕೀಟಗಳ ಸಂಗ್ರಹ. ಕೀಟಗಳ ಮುಂದೆ ನಿಂತಾಗ ಒಂದು ಮಾತು ಅನ್ನಿಸ್ತು: ಇದರಲ್ಲಿ ಅರ್ಧ ನಮ್ಮ ಲೈನ್ ಮನೆಯ ಬಲ್ಬಿನ ಸುತ್ತ ಸಾಯೋವೇ. ಪೊರಕೇಲಿ ಗುಡಿಸಿ ಎಸೀತಿದ್ವಿ. ಹೆಸರು ಬರೆದು ಗಾಜಿನೊಳಗೆ ಇಟ್ಟಾಗ ನಾವು ಎಷ್ಟು ಹೊತ್ತು ನಿಂತು ನೋಡಿದ್ವಿ!

ತೇಜಸ್ವಿ ಕುವೆಂಪು ಮಗ ಅಂತ ಪಾಠದಲ್ಲಿ ಓದಿರ್ತೀರಿ. 1938ರಲ್ಲಿ ಹುಟ್ಟಿ, ಮೈಸೂರಲ್ಲಿ ಓದಿ, ಅಲ್ಲೇ ಮೇಷ್ಟ್ರಾಗಿ ಉಳಿಯದೇ ಮೂಡಿಗೆರೆ ಕಡೆ ಬಂದು ಕಾಫಿ ಬೆಳೆದ್ರು, ಮೀನು ಹಿಡಿದ್ರು, ಕ್ಯಾಮೆರಾ ಹಿಡಿದ್ರು. 2007ರ ಏಪ್ರಿಲ್ 5ರಂದು ತೀರಿಕೊಂಡಿದ್ದೂ ಇಲ್ಲೇ. "ಕರ್ವಾಲೊ" ಓದಿಲ್ಲ ಅಂದ್ರೆ ಈ ಪೋಸ್ಟ್ ಬಿಟ್ಟು ಮೊದಲು ಓದಿ, ಎರಡು ಸಂಜೆ ಸಾಕು. ಅದರಲ್ಲಿ ಒಂದಿಷ್ಟು ಜನ ಹಾರುವ ಓತಿ ಹುಡುಕಿ ಕಾಡಿಗೆ ಹೋಗ್ತಾರೆ.

ನೀವು ಅಷ್ಟು ದೂರ ಹೋಗಬೇಕಿಲ್ಲ. ಹಾರುವ ಓತಿ ನಮ್ಮ ಅಡಿಕೆ ತೋಟಗಳಲ್ಲೇ ಇದೆ. ಬಿಸಿಲು ಬಂದ ದಿನ ಬೆಳಿಗ್ಗೆ ಯಾರಾದ್ರೂ ಗೆಳತಿಯ ಮನೆ ತೋಟದಲ್ಲಿ ಸುಮ್ನೆ ನಿಂತ್ಕೊಳ್ಳಿ. ಮರದ ಬಣ್ಣಕ್ಕೆ ಅದರ ಮೈ ಬಣ್ಣ ಸರಿಯಾಗಿ ಹೊಂದತ್ತೆ, ಮೊದಲ ಅರ್ಧ ಗಂಟೆ ಏನೂ ಕಾಣಲ್ಲ. ಗಂಡು ಓತಿ ಗಂಟಲ ಕೆಳಗಿನ ಹಳದಿ ಚರ್ಮವನ್ನು ಬಾವುಟದ ಹಾಗೆ ಹೊರಗೆ ಒಳಗೆ ಮಾಡತ್ತೆ, ಆ ಹಳದಿ ಒಮ್ಮೆ ಕಣ್ಣಿಗೆ ಬಿತ್ತು ಅಂದ್ರೆ ಆಮೇಲೆ ಎಲ್ಲಾ ಮರದಲ್ಲೂ ಕಾಣತ್ತೆ. ಒಂದು ಮರದಿಂದ ಇನ್ನೊಂದಕ್ಕೆ ತೇಲಿ ಹೋಗೋದನ್ನು ನೋಡಿದ ದಿನ ನಾನು ಚಪ್ಪಾಳೆ ತಟ್ಟಿಬಿಟ್ಟೆ. ಗೆಳತಿಯ ಅಜ್ಜ, "ಅದನ್ನು ನೋಡೋಕೆ ಇಷ್ಟು ದೂರ ಬಂದ್ಯಾ?" ಅಂತ ನಕ್ಕು, ಕುಡಿಯೋಕೆ ಬೆಲ್ಲದ ಕಾಫಿ ಕೊಡಿಸಿದ್ರು. ಖರ್ಚು: ಬಸ್ಸಿಗೆ ಎಷ್ಟೋ ಅಷ್ಟೆ.

ಮೂಡಿಗೆರೆ ತಾಲೂಕಲ್ಲೇ ಅಂಗಡಿ ಅನ್ನೋ ಊರಿದೆ. ಹೆಸರು ಕೇಳಿ ಅಂಗಡಿ ಸಾಲು ಇರತ್ತೆ ಅಂದ್ಕೋಬೇಡಿ. ಹಳೇ ಸೊಸೆವೂರು ಇದೇ, ಹೊಯ್ಸಳರ ಮೂಲ. "ಹೊಯ್ ಸಳ" ಕಥೆ ನಡೀತು ಅನ್ನೋದೂ ಇಲ್ಲೇ. ವಾಸಂತಿಕಾ ದೇವಿಯ ಗುಡಿ ಇದೆ, ಹಳೇ ಬಸದಿಗಳಿವೆ. ಬೇಲೂರಲ್ಲಿ ಆಮೇಲೆ ಅಷ್ಟೆಲ್ಲ ಕೆತ್ತಿಸಿದವರು ಹೊರಟಿದ್ದು ಈ ಚಿಕ್ಕ ಊರಿಂದ. ಹಾಗೇ ಜಾವಳಿ: ಹೇಮಾವತಿ ಹುಟ್ಟೋ ಜಾಗ. ಗೊರೂರು ಡ್ಯಾಂ ಫೋಟೋ ನೋಡಿರೋರು ಅಲ್ಲಿನ ನೀರಿನ ಸಣ್ಣ ಎಳೆ ನೋಡಿದ್ರೆ ನಂಬಲ್ಲ.

6/8

ಇದು ಅಮ್ಮನ ಫೋಟೋ. ಹಾಕ್ಲಾ ಅಂತ ಕೇಳಿದ್ದಕ್ಕೆ "ಮುಖ ಕಾಣೋದು ಬೇಡ" ಅಂದ್ಲು, ಅದಕ್ಕೆ ಬೆನ್ನಿನದು.

ಅಮ್ಮ ಎಷ್ಟೋ ವರ್ಷದಿಂದ ತೋಟದಲ್ಲಿದ್ದಾಳೆ. ಮೇರ್ತಿ ಗುಡ್ಡ ದಿನಾ ಕಣ್ಣೆದುರಿಗೆ. ಮೋಡ ನೋಡಿ ಮಳೆ ಎಷ್ಟೊತ್ತಿಗೆ ಅಂತ ಹೇಳ್ತಾಳೆ. ಆದ್ರೆ ಅವಳು ಊರು ಬಿಟ್ಟು ಹೋಗಿದ್ದು ಮೂರೇ ಕಾರಣಕ್ಕೆ: ಮದುವೆ, ಸಾವು, ಆಸ್ಪತ್ರೆ. ಹೊರನಾಡಿಗೆ ಮಾತ್ರ ಆಗಾಗ ಹೋಗ್ತಾಳೆ, ಅದೂ ಕಳಸದಿಂದ ಎಂಟು ಕಿಲೋಮೀಟರ್ ಅಂತ. ಅನ್ನಪೂರ್ಣೇಶ್ವರಿ ಸನ್ನಿಧಿಯಲ್ಲಿ ಬಂದವರಿಗೆಲ್ಲ ಊಟ. ಯಾರು, ಯಾವ ಊರು ಅಂತ ಕೇಳಲ್ಲ. ಹಾಸ್ಟೆಲ್‌ನವರೇ, ನೀವು ಕಳಸಕ್ಕೆ ಬಂದ್ರೆ ಊಟದ ಚಿಂತೆ ಅಲ್ಲಿಗೆ ಮುಗೀತು. ಜೋರು ಮಳೆ ಇದ್ರೆ ಮಾತ್ರ ಹೆಬ್ಬಾಳೆ ಸೇತುವೆ ಮುಳುಗಿದೆಯಾ ಅಂತ ಕೇಳ್ಕೊಂಡು ಹೊರಡಿ. ಭದ್ರೆ ಉಕ್ಕಿದ್ರೆ ಸೇತುವೆ ಮೇಲೆ ನೀರು, ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ. ಬೇಸಿಗೇಲಾದ್ರೆ ಕಳಸೇಶ್ವರನ ಮೆಟ್ಟಿಲು ಹತ್ತಿ ಇಳಿದು ಅಂಬಾತೀರ್ಥಕ್ಕೆ ಹೋಗಿ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರು ಅನ್ನೋ ದೊಡ್ಡ ಬಂಡೆ ಅಲ್ಲಿದೆ. ಪಕ್ಕದಲ್ಲಿ ಕಲ್ಲಿನ ಮಧ್ಯೆ ಕೊರೆದುಕೊಂಡು ಹೋಗೋ ಭದ್ರೆ. ನೋಡೋಕೆ ಚಂದ, ಇಳಿಯೋಕೆ ಅಲ್ಲ.

ಹೋದ ಚಳಿಗಾಲದ ಕುಯ್ಲು ಮುಗಿದ ಮೇಲೆ ಅಮ್ಮನನ್ನು ಚಿಕ್ಕಮಗಳೂರಿಗೆ ಕರೆಸಿಕೊಂಡೆ. ಮಾರನೇ ದಿನ ಬೆಳಿಗ್ಗೆ ಬೇಲೂರಿಗೆ ಹೊರಟ್ವಿ. ಹಾಸನ ಜಿಲ್ಲೆ ಅಂತ ಹೆಸರಿಗಷ್ಟೆ, ಇಲ್ಲಿಂದ ಸುಮಾರು 25 ಕಿಲೋಮೀಟರ್. ಇಬ್ಬರಿಗೂ ಸೊನ್ನೆ ಟಿಕೆಟ್. ಅಮ್ಮ ಆ ಟಿಕೆಟನ್ನು ಮಡಿಸಿ ಸೀರೆ ಸೆರಗಿನ ಗಂಟಲ್ಲಿ ಇಟ್ಕೊಂಡ್ಲು, ವಾಪಸ್ ಕೇಳಿದ್ರೆ ಅಂತ.

ದೇವಸ್ಥಾನದ ಬಾಗಿಲಲ್ಲಿ ನಿಂತು "ಎಷ್ಟು ಟಿಕೆಟು?" ಅಂದ್ಲು. ಒಳಗೆ ಹೋಗೋಕೆ ಟಿಕೆಟ್ ಇಲ್ಲ ಅಂದೆ. ನಂಬಲಿಲ್ಲ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ್ದು, 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು ಅಂತೆಲ್ಲ ನಾನು ಗೈಡ್ ತರ ಹೇಳ್ತಾ ಹೋದೆ, ಅವಳು ಕೇಳಿಸ್ಕೊಳ್ಳಲೇ ಇಲ್ಲ. ಶಿಲಾಬಾಲಿಕೆಯರನ್ನು ಒಬ್ಬೊಬ್ಬರನ್ನಾಗಿ ನೋಡಿದ್ಲು. ಕನ್ನಡಿ ಹಿಡಿದವಳ ಮುಂದೆ ಎಲ್ಲರೂ ಸೆಲ್ಫಿ ತಗೊಳ್ತಿದ್ರು. ಅಮ್ಮ ನಿಂತಿದ್ದು ಕೋತಿ ಸೀರೆ ಎಳೀತಿರೋ ಹೆಂಗಸಿನ ಕೆಳಗೆ. ನಮ್ಮ ಲೈನ್ ಮನೇಲಿ ಒಣಹಾಕಿದ ಬಟ್ಟೆಗೂ ಕೋತಿಗೂ ದಿನಾ ಯುದ್ಧ. "ನೋಡು, ಆಗಲೂ ಇದೇ ಕಾಟ" ಅಂತ ನಕ್ಕಿದ್ದು ನಕ್ಕಿದ್ದೇ. ಕೋಲು ಎತ್ತಿರೋ ರೀತಿ ಸರಿ ಇದೆ ಅಂತ ಶಿಲ್ಪಿಗೆ ಸರ್ಟಿಫಿಕೇಟೂ ಕೊಟ್ಲು.

ಮಧ್ಯಾಹ್ನ ಪ್ರಾಕಾರದ ಜಗಲೀಲಿ ಕೂತ್ವಿ. ಕಂಬಕ್ಕೆ ಒರಗಿ ಕಾಲು ಚಾಚಿದ್ಲು. ಕಾಲು ಚಾಚಿ ಕೂತ ಅಮ್ಮನನ್ನು ಹಗಲು ಹೊತ್ತಲ್ಲಿ ನಾನು ನೋಡಿರಲೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಅತ್ತ ಇತ್ತ ನೋಡಿ ಮೆಲ್ಲಗೆ ಕೇಳಿದ್ಲು: "ಇಲ್ಲಿ ಯಾರೂ ಏಳು ಅನ್ನಲ್ವಾ?"

ಅನ್ನಲ್ಲ ಅಂದೆ. ಒಂದೂವರೆ ಗಂಟೆ ಕೂತಿದ್ವಿ. ಹೊರಗೆ ಹೋಗಿ ಮನೆಯಿಂದ ತಂದ ಅಕ್ಕಿರೊಟ್ಟಿ ತಿಂದ್ವಿ. ಚಪ್ಪಲಿ ಇಟ್ಟಿದ್ದಕ್ಕೆ, ಮಜ್ಜಿಗೆಗೆ, ತಂಗಿಗೆ ಒಂದು ಡಜನ್ ಬಳೆಗೆ ಅಂತ ಇಬ್ಬರದೂ ಸೇರಿ 90 ರೂಪಾಯಿ ಒಳಗೇ ಮುಗೀತು. ಊರಿಗೆ ಹೋಗಿ ಲೈನ್ ಮನೆ ಹೆಂಗಸರಿಗೆಲ್ಲ ಕೋತಿ ಕಥೆ ಹೇಳಿದ್ದಾಳೆ. ಈಗ ಅವರೆಲ್ಲ ಯಾವಾಗ ಕರ್ಕೊಂಡು ಹೋಗ್ತೀಯ ಅಂತ ನನ್ನ ಪ್ರಾಣ ತಿಂತಿದ್ದಾರೆ. ಏಳು ಜನ. ಬಟವಾಡೆಯ ಮಾರನೇ ದಿನ ಅಂತ ಮಾತಾಗಿದೆ.

7/8

"ಮುಳ್ಳಯ್ಯನಗಿರಿ ಯಾಕೆ ಇಲ್ಲ?" ಅಂತ ಕೇಳೋರಿಗೆ. ರಾಜ್ಯದ ಎತ್ತರದ ಶಿಖರ, 1,900 ಮೀಟರಿಗೂ ಮೇಲೆ, ಹೋಗಬೇಕು ನಿಜ. ಆದ್ರೆ ಈಗ ಗಾಡಿಗೆ ಮೊದಲೇ ಆನ್‌ಲೈನಲ್ಲಿ ಬುಕ್ ಮಾಡಬೇಕು, ಜೀಪು ಬಾಡಿಗೆ ಹಿಡಿದ್ರೆ ನೂರು ರೂಪಾಯಿ ಗೇಟಿನ ಹತ್ರವೇ ಖಾಲಿ. ಕುದುರೆಮುಖ ಟ್ರೆಕ್ಕೂ ಹಾಗೇ, ಅರಣ್ಯ ಇಲಾಖೆಗೆ ಶುಲ್ಕ ಕಟ್ಟಿ ಬುಕ್ ಮಾಡಬೇಕು. ಮಿತಿ ಹಾಕಿದ್ದು ನನ್ನ ಪ್ರಕಾರ ಸರಿ, ರಜೆ ದಿನ ಆ ರಸ್ತೆ ನೋಡಿದ್ರೆ ನೀವೂ ಸರಿ ಅಂತೀರಿ. ಸ್ಥಳೀಯ ಕಾಲೇಜಿನವರಿಗೆ ವಾರದ ಮಧ್ಯೆ ಒಂದು ಬಸ್ ಬಿಡಬಹುದಿತ್ತು ಅನ್ನೋದೂ ನನ್ನ ಅಭಿಪ್ರಾಯವೇ.

ತೋಟದೊಳಗೆ ನುಗ್ಗೋದು ಬೇಡ. ರೀಲ್ಸಲ್ಲಿ ಕಾಫಿ ಗಿಡದ ಮಧ್ಯೆ ಓಡೋದು ಚಂದ ಕಾಣತ್ತೆ, ಆದ್ರೆ ಅದು ಯಾರದೋ ಬೆಳೆ, ಬೇಲಿಗೆ ಕರೆಂಟ್ ಇರತ್ತೆ, ನಾಯಿ ಇರತ್ತೆ. ಆಲ್ದೂರು, ಮೂಡಿಗೆರೆ ಕಡೆ ಆನೆ ಓಡಾಟ ಇದೆ. ಬೆಳಗಿನ ಜಾವ, ಸಂಜೆ ಕತ್ತಲಲ್ಲಿ ಒಳದಾರಿ ನಡೀಬೇಡಿ. ಇದು ಹೆದರಿಸೋಕೆ ಹೇಳಿದ್ದಲ್ಲ. ಅಮ್ಮ ಕೆಲಸಕ್ಕೆ ಹೋಗೋ ಮುಂಚೆ ಫೋನಲ್ಲಿ "ಇವತ್ತು ಆನೆ ಎಲ್ಲಿದೆ" ಅಂತ ಕೇಳ್ಕೊಂಡು ಹೋಗ್ತಾಳೆ.

ತೋಟ ನೋಡೋ ಆಸೆ ಇದ್ರೆ ರಸ್ತೆಯಿಂದಲೇ ನೋಡಿ, ಸರಿಯಾದ ವಾರ ಆರಿಸಿ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಹೂಮಳೆ ಬೀಳತ್ತೆ. ಅದಾಗಿ ಎಂಟು ಹತ್ತು ದಿನಕ್ಕೆ ಇಡೀ ಗುಡ್ಡ ಬೆಳ್ಳಗೆ. ಮಲ್ಲಿಗೆಯ ಹಾಗೆ ಘಮ, ಎರಡು ಮೂರು ದಿನದ ಭಾಗ್ಯ, ಆಮೇಲೆ ಹೂ ಕಂದುಬಣ್ಣಕ್ಕೆ ತಿರುಗತ್ತೆ. ಟೂರಿಸ್ಟ್ ಅದನ್ನು ಬುಕ್ ಮಾಡಿ ನೋಡೋಕೆ ಆಗಲ್ಲ, ಮಳೆ ಯಾವತ್ತು ಅಂತ ಯಾರಿಗೆ ಗೊತ್ತು? ಆ ದಿನ ಇಲ್ಲೇ ಇರೋರಿಗೆ ಮಾತ್ರ ಸಿಗತ್ತೆ. ಬಸ್ಸಿನ ಕಿಟಕಿ ತೆಗೆದಿಡಿ, ಆಲ್ದೂರು ದಾಟಿದ ಮೇಲೆ ಮಾತಾಡಬೇಡಿ.

ಬಾಬಾಬುಡನ್ ಮೆಕ್ಕಾ ಯಾತ್ರೆಯಿಂದ ಬರುವಾಗ ಯೆಮನ್‌ನಿಂದ ಏಳು ಬೀಜ ಬಚ್ಚಿಟ್ಕೊಂಡು ತಂದ್ರು ಅಂತ ಕಥೆ. ಇಷ್ಟೆಲ್ಲ ತೋಟ, ಹೋಂಸ್ಟೇ, ಕೆಫೆ, ಕೋಲ್ಡ್ ಕಾಫಿ, ಬಿಲ್ ತಂದಿಟ್ಟ ವೇಟರ್, ಎಲ್ಲದರ ಮೂಲ ದುಡ್ಡು ಕೊಡದೇ ತಂದ ಏಳು ಬೀಜ! ಬೀಜದಿಂದ ಕಪ್‌ವರೆಗಿನ ಕಥೆ ಬೇಕಾದ್ರೆ ಊರಲ್ಲೇ ಕಾಫಿ ಮಂಡಳಿಯ "ಕಾಫಿ ಯಾತ್ರಾ" ಮ್ಯೂಸಿಯಂ ಇದೆ, ಪ್ರವೇಶ ಶುಲ್ಕ ಅಲ್ಪ. ಹೋಗೋ ಮುಂಚೆ ತೆರೆದಿದೆಯಾ ಅಂತ ಕೇಳ್ಕೊಳ್ಳಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಷ್ಟು ಹಳೇದು, ಅಲ್ಲಿ ತಯಾರಾದ ತಳಿಗಳೇ ನಿಮ್ಮ ಪಕ್ಕದ ತೋಟಗಳಲ್ಲಿ ಇರೋದು. ಬಾಟನಿಯವರು ಲೆಕ್ಚರರ್‌ಗೆ ಗಂಟುಬಿದ್ದು ಕಾಲೇಜಿಂದ ಪತ್ರ ಬರೆಸಿ ಹೋಗೋಕೆ ನೋಡಿ.

8/8

ರಾತ್ರಿಯ ಐಟಂ ಒಂದೇ: ಹರಕೆ ಬಯಲಾಟ. ನವೆಂಬರ್‌ನಿಂದ ಮೇ ತನಕ ಕಳಸ, ಕೊಪ್ಪ, ಮೂಡಿಗೆರೆ ಕಡೆ ಯಾರದಾದ್ರೂ ಹರಕೆಗೆ ಮೇಳ ಬಂದೇ ಬರತ್ತೆ. ಟಿಕೆಟ್ ಇಲ್ಲ, ಎಷ್ಟೋ ಕಡೆ ಊಟವೂ ಇರತ್ತೆ. ಶಾಲು, ಚಾಪೆ ತಗೊಂಡು ಹೋಗಿ, ಬೆಳಗಿನ ಮೊದಲ ಬಸ್ಸಿಗೆ ವಾಪಸ್. ಹಾಸ್ಟೆಲ್ ವಾರ್ಡನ್ ಒಪ್ಪಲ್ಲ, ಆದ್ದರಿಂದ ಊರಿಗೆ ಹೋದಾಗ. ಸುಗ್ಗಿ ಹಬ್ಬಕ್ಕೆ ಯಾರಾದ್ರೂ ಮೂಡಿಗೆರೆ ಕಡೆಯ ಕ್ಲಾಸ್‌ಮೇಟ್ ಕರೆದ್ರೆ ಬೇಡ ಅನ್ನಬೇಡಿ.

ಈಗ ಮುಂದಿನ ಭಾನುವಾರ. ಅಯ್ಯನಕೆರೆಗೆ ಹೋಗೋಣ ಅಂತ ಇದ್ದೀನಿ. ಕಡೂರು ರಸ್ತೇಲಿ ಸಖರಾಯಪಟ್ಟಣದವರೆಗೆ ಬಸ್, ಅಲ್ಲಿಂದ ಆಟೋ ಹಂಚಿಕೊಂಡ್ರೆ ಆಯ್ತು. ಹಿಂದೆ ಶಕುನಗಿರಿ, ಮುಂದೆ ಸಮುದ್ರದ ಹಾಗೆ ನೀರು. ಏರಿ ಮೇಲೆ ನಡೆಯೋದು, ಕೂರೋದು, ತಿನ್ನೋದು. ನೀರಿಗೆ ಯಾರೂ ಇಳಿಯೋ ಹಾಗಿಲ್ಲ, ಈಜು ಬರತ್ತೆ ಅನ್ನೋ ಹುಡುಗರಿಗೂ ಇದೇ ಮಾತು.

ಏಳೂವರೆಗೆ ಕೆಎಸ್‌ಆರ್‌ಟಿಸಿ ಸ್ಟ್ಯಾಂಡಲ್ಲಿ ಇರಿ. ಆಧಾರ್, ನೀರಿನ ಬಾಟ್ಲಿ, ಕೊಡೆ, ಕಸ ವಾಪಸ್ ತರೋಕೆ ಒಂದು ಚೀಲ. ಹೊಟ್ಟೆನೋವು ಇದ್ದೋರು ನನಗೆ ಮೆಸೇಜ್ ಮಾಡಿ, ಯಾರಿಗೂ ಹೇಳಲ್ಲ, ಆಟೋ ದುಡ್ಡಿನ ಲೆಕ್ಕ ನಾನು ನೋಡ್ಕೊಳ್ತೀನಿ. ಹುಳಿಯನ್ನ ನಾನು ತರ್ತೀನಿ. ಮಿಡಿ ಉಪ್ಪಿನಕಾಯಿ ಯಾರ ಮನೇಲಿ ಚೆನ್ನಾಗಿದೆ, ಕಾಮೆಂಟಲ್ಲಿ ಹೇಳಿ.

#ನೂರುರೂಪಾಯಿಭಾನುವಾರ